ಗೊತ್ತಿದ್ದದ್ದು ಹೇಳಬ್ಯಾಡ

ಹೆಣ ಎತ್ತಲು ಬಗ್ಗಿದವರ ಮುಂದೆ ಇಬ್ರಾಹಿಂಸಾಬ ಕೈ ಅಡ್ಡ ಹಿಡಿದ.

“ಇನ್ನೊಂದು ಬಸ್ಸ ನೋಡೂಣು, ಧರೆಪ್ಪಣ್ಣ. ಮಗಳು ಬರ್ತಾಳ.”

ಸತ್ತ ಸೋಮನಿಂಗನ ಅಣ್ಣ ಧರೆಪ್ಪ ಪಡುವಣಕ್ಕೆ ನೋಡಿದ. ಹೊತ್ತು ಮುಳುಗುವುದರೊಳಗೆ ಮಣ್ಣಾಗಬೇಕು. “ಮುಂಜಾನಿಂದ ನೋಡಾಕತ್ತೇವಿ. ನೀ ಸುದ್ದಿ ಮುಟ್ಟಿಸೀಯೋ, ಗಾಳಿಗೆ ತೂರೀಯೋ?”

ತಾಂಬಾ ಬಳಿಯ ಈ ಕಾಲುವೆ ಕಾಲನಿಯಲ್ಲಿ ಸಾಬನೂ ಸೋಮನಿಂಗನೂ ಜೊತೆಗೆ ವಯರ್‌ಲೆಸ್ ನಡೆಸಿದವರು. ಸೋಮನಿಂಗನ ಒಬ್ಬಳೇ ಮಗಳು ರಾಜಶ್ರೀಯನ್ನು ಮುದ್ದೇಬಿಹಾಳದ ಕಡೆಯ ಕಾಲನಿಗೆ ಕೊಟ್ಟಿತ್ತು. ಮಳೆಗೆ ಫೋನಿನ ಕಂಬ ಬಿದ್ದಿದ್ದರಿಂದ, ಅಪ್ಪನಿಗೆ ಭಾಳ ಜಡ್ಡಾಗಿದೆ, ಮಗಳಿಗೆ ಹೇಳು ಎಂದು ಸಾಬ ನಿನ್ನೆ ಸಂಜೆ ಅಲ್ಲಿಯ ಆಪರೇಟರ್ ರೇವಪ್ಪನಿಗೆ ವಯರ್‌ಲೆಸ್ಸಿನಲ್ಲೇ ತಿಳಿಸಿದ್ದ. ಬೆಳಿಗ್ಗೆ ‘ತೀರಿದ. ಮಣ್ಣು ಸಂಜಿಗೆ’ ಎಂದಷ್ಟೇ ಹೇಳಿ ಸೆಟ್ಟು ಬಂದ್ ಮಾಡಿದ್ದ. ಗೊತ್ತಿದ್ದವನಿಗೆ ಇನ್ನೇನು ಹೇಳುವುದು?

*

ಆ ಸೆಟ್ಟುಗಳು ಬ್ಯಾಟರಿಯ ಮೇಲೆ ನಡೆಯುತ್ತಿದ್ದವು. ಕರೆಂಟ್ ಇದ್ದರೆ ಚಾರ್ಜು, ಇಲ್ಲದಿದ್ದರೆ ಇಲ್ಲ. ಉಳಿದ ಆಪರೇಟರುಗಳು ನಮಸ್ಕಾರ, ಹೆಸರು, ಊರು, ತಾರೀಖು ಎಂದು ಬಡಬಡಿಸಿ ಅರ್ಧ ಬ್ಯಾಟರಿ ತಿನ್ನುತ್ತಿದ್ದರು. ನೀರಿನ ಸುದ್ದಿ ಬರುವ ಹೊತ್ತಿಗೆ ಸೆಟ್ಟಿನ ಗಂಟಲು ಕಟ್ಟುತ್ತಿತ್ತು. ಸೋಮನಿಂಗನಿಗೆ ಮೈಯೆಲ್ಲ ಉರಿಯುತ್ತಿತ್ತು. ಮೇಲಿನ ಗೇಟಿನಲ್ಲಿ ಐದು ಅಡಿ, ಕೆಳಗಿನ ಗೇಟಿನಲ್ಲಿ ಮೂರು ಅಡಿ ನೀರಿದ್ದರೆ ಅವನು ಎರಡೂ ಗೇಟಿನವರಿಗೆ ಒಮ್ಮೆಲೇ ‘ಎಂಟು’ ಎನ್ನುತ್ತಿದ್ದ. ಪ್ರತಿಯೊಬ್ಬನಿಗೂ ಅದರಲ್ಲಿ ತನ್ನ ಗೇಟಿನದನ್ನು ಕಳೆದರೆ ಇನ್ನೊಬ್ಬನದು ಸಿಗುತ್ತಿತ್ತು.

“ಎದುರಿನವಗ ಗೊತ್ತಿದ್ದದ್ದು ಹೇಳಬ್ಯಾಡಲೇ ಸಾಬಾ. ಹೊಸಾದಷ್ಟ ಹೇಳು, ಬಂದ್ ಮಾಡು.”

ಮನೆಯಲ್ಲೂ ಅದೇ ನಡೆ. ಸಾರು ಹೇಗಿದೆ ಎಂದು ಹೆಂಡತಿ ಸುಂದರವ್ವ ಕೇಳಿದರೆ, ನಿನ್ನೆಯಂತೆಯೇ ಇದ್ದ ದಿನ ಅವನಿಂದ ಉತ್ತರವೇ ಬರುತ್ತಿರಲಿಲ್ಲ.

*

ಬಸ್ಸು ಬಂತು. ಯಾರೂ ಇಳಿಯಲಿಲ್ಲ. ಸುಂದರವ್ವ ಬಾಗಿಲ ಚೌಕಟ್ಟು ಹಿಡಿದು ಎದ್ದಳು.

“ಎತ್ರಿ. ಆಕಿಗೆ ಅಪ್ಪ ಬ್ಯಾಡಾಗ್ಯಾನ.”

ಆ ಮಾತು ಸಾಬನಿಗೆ ತಡೆಯಲಾಗಲಿಲ್ಲ. ಹೆಣ ಹೊಲದ ಕಡೆ ಹೊರಟಾಗ ಅವನು ವಯರ್‌ಲೆಸ್ ಕೋಣೆಗೆ ಓಡಿದ. ಬ್ಯಾಟರಿ ಸತ್ತಿತ್ತು. ಕಾಲನಿಯ ಟ್ರ್ಯಾಕ್ಟರಿನದನ್ನು ಬಿಚ್ಚಿ ತಂದು ಜೋಡಿಸುವಷ್ಟರಲ್ಲಿ ಹೊತ್ತು ಹೋಯಿತು.

ಆ ಕಡೆ ಬೇರೆ ದನಿ. ರೇವಪ್ಪ ನಸುಕಿನಲ್ಲೇ ರಜೆಯ ಮೇಲೆ ಊರಿಗೆ ಹೋಗಿದ್ದನಂತೆ. ಹೋಗುವಾಗ ಜಡ್ಡಿನ ಸುದ್ದಿ ಯಾರಿಗೂ ಹೇಳಿರಲಿಲ್ಲವಂತೆ.

“ತೀರಿದ ಅಂದ್ರಿ, ಬಂದ್ ಮಾಡಿದ್ರಿ. ಯಾರು, ಯಾವೂರು ಅಂತ ನಾ ಎಷ್ಟು ಒದರಿದ್ನಿ ಗೊತ್ತೇನ್ರಿ?”

ಸಾಬ ಎಲ್ಲವನ್ನೂ ಹೇಳಿದ. ಹೆಸರು, ಊರು, ಯಾರ ಅಪ್ಪ, ಯಾವಾಗ ಉಸಿರು ನಿಂತಿತು, ತಾಯಿ ಏನಂದಳು, ಎಲ್ಲವನ್ನೂ.

“ರಾಜಶ್ರೀ ಅಕ್ಕಾರ ಅಪ್ಪಾರೇನ್ರಿ?” ಆ ದನಿ ಇಳಿಯಿತು. “ಅಕ್ಕಾರು ಇಲ್ಲೇ ನಳದಾಗ ನೀರು ತುಂಬಾಕತ್ತಾರ. ಈಗ ಜೀಪಿನ್ಯಾಗ ಕಳಸ್ತೇನ್ರಿ. ಮಾರಿ ನೋಡಾಕ ಸಿಗತೈತಲ್ರಿ?”

ಕಿಟಕಿಯಾಚೆ ಧರೆಪ್ಪ ಕಾಲುವೆಯ ಮೆಟ್ಟಿಲ ಮೇಲೆ ಕುಳಿತು ಸನಿಕೆಗೆ ಹತ್ತಿದ ಹಸಿ ಮಣ್ಣು ತೊಳೆಯುತ್ತಿದ್ದ.