ನಾಗಪ್ಪನ ಕುರಿ, ನನ್ನ ಹೊಲ

ಹಾವೇರಿ ಕೋರ್ಟಿನಲ್ಲಿ ಗುಮಾಸ್ತನಾದ ನಾನು ಬರೀ ಭಾನುವಾರದ ರೈತ. ಕರ್ಜಗಿಯಲ್ಲಿ ನನ್ನ ನಾಲ್ಕೆಕರೆಗೆ ಹೊಂದಿಕೊಂಡೇ ನಾಗಪ್ಪನ ನಾಲ್ಕೆಕರೆ. ನಾನು ಚೀಲದ ಗೊಬ್ಬರ ನಂಬಿದವನು. ಆತ ಬೇಸಿಗೆಯಲ್ಲಿ ಕುರಿ ಹಿಂಡು ಕರೆಸಿ ಮೂರು ರಾತ್ರಿ ಹೊಲದಲ್ಲೇ ಮಲಗಿಸುವವನು. ಹಿಕ್ಕೆ, ಉಚ್ಚೆಯೇ ಅವನ ವರ್ಷದ ಗೊಬ್ಬರ. ಕುರಿಗಾರನಿಗೆ ಸುಗ್ಗಿಯಲ್ಲಿ ಎರಡು ಚೀಲ ಜೋಳ. ನಾನು ನಗುತ್ತಿದ್ದೆ.

೨೦೦೮ರಲ್ಲಿ ಕುರಿಗಾರ ಹೊಸಬ, ಮೈಲಾರಪ್ಪ. ರಾಣೆಬೆನ್ನೂರಿನ ಮಗಳ ಮನೆಗೆ ಹೊರಟಿದ್ದ ನಾಗಪ್ಪ, "ಬೇವಿನ ಗಿಡದ ಬಲಕ್ಕ ನಿಲ್ಲಸು" ಎಂದು ಅವನಿಗೆ ಹೇಳಿಕಳಿಸಿದ್ದ. ನಮ್ಮಿಬ್ಬರ ಬದುವಿನ ಆ ಬೇವನ್ನು ನಾನು ಹಿಂದಿನ ವಾರವಷ್ಟೇ, ನಾಗಪ್ಪನಿಗೆ ಹೇಳದೆ, ಬಾಗಿಲ ಚೌಕಟ್ಟಿಗೆಂದು ಕಡಿಸಿದ್ದೆ. ಉಳಿದದ್ದು ನನ್ನ ಹೊಲದ ಎಡ ಅಂಚಿನ ಬೇವು. ಮೈಲಾರಪ್ಪ ಅದರ ಬಲಕ್ಕೆ, ಅಂದರೆ ನನ್ನ ಹೊಲದಲ್ಲಿ, ಇನ್ನೂರು ಕುರಿ ನಿಲ್ಲಿಸಿದ. ಮೂರು ರಾತ್ರಿಯೂ.

ಭಾನುವಾರ ನಾಗಪ್ಪ ಬಂದಾಗ ಹಿಂಡು ಹೊರಟು ನಿಂತಿತ್ತು. ಇನ್ನು ಮೂರು ರಾತ್ರಿ ತನ್ನ ಹೊಲದಲ್ಲಿ ನಿಲ್ಲಿಸೆಂದು ಕೇಳಿಕೊಂಡ.

"ಐರಣಿ ಊರವ್ರಿಗೆ ಮಾತು ಕೊಟ್ಟೇನಿ ಯಣ್ಣಾ. ಇಲ್ಲಿ ಕುರಿಗೆ ಕುಡಿಯಾಕ ನೀರೂ ಇಲ್ಲ" ಎಂದ ಮೈಲಾರಪ್ಪ.

ನಾಗಪ್ಪನ ಹೆಂಡತಿ ಪ್ರೇಮವ್ವ ಬುಟ್ಟಿ, ಕಸಬರಿಗೆ ತಂದಳು. ನಾನು ಕೊಡೆ ಹಿಡಿದು ಕೂತು, "ಒಯ್ಯವ್ವಾ, ಅಷ್ಟೂ ನಿಮ್ಮದ" ಎಂದು ದೊಡ್ಡಸ್ತಿಕೆ ತೋರಿಸಿದೆ.

"ಹಿಕ್ಕಿ ಒಯ್ಯಬಹುದ್ರಿ ರಾಯರ. ಉಚ್ಚಿ ಮಣ್ಣಾಗ ಇಳದೈತಿ, ಅದನ್ನ ಯಾವ ಬುಟ್ಟ್ಯಾಗ ತುಂಬಲಿ?" ಎಂದಳು.

ಆಗ ನಾಗಪ್ಪ, "ಈ ವರ್ಷ ಹೊಲ ಅದಲುಬದಲು ಮಾಡೂಣ್ರಿ. ನಿಮ್ಮದ್ರಾಗ ನಾ ಬಿತ್ತತೇನಿ, ನನ್ನದ್ರಾಗ ನೀವು" ಎಂದ. ನ್ಯಾಯವಾದ ಮಾತು.

"ಕಾಗದಪತ್ರದ ತೊಡಕು ಬರ್ತದ, ನಾಗಪ್ಪ" ಎಂದೆ.

ಯಾವ ತೊಡಕೂ ಇರಲಿಲ್ಲ. ಅದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆತ ಮತ್ತೆ ಕೇಳಲಿಲ್ಲ.

ಆ ಮುಂಗಾರಿಯಲ್ಲಿ ಚೀಲದ ಗೊಬ್ಬರಕ್ಕೆ ಎಲ್ಲೆಡೆ ಪರದಾಟ. ನನಗೆ ಅದರ ಅಗತ್ಯವೇ ಬೀಳಲಿಲ್ಲ. ನನ್ನ ಜೋಳ ಆಳೆತ್ತರ ಬೆಳೆದು ತೆನೆ ತೂಗಿತು. ನಾಗಪ್ಪನದು ಸೊಂಟದ ಮಟ್ಟಕ್ಕೆ ಬಂದು ಹಳದಿಯಾಯಿತು. ಅವನ ಮನೆಯ ವರ್ಷದ ರೊಟ್ಟಿ ಆ ಹೊಲದಲ್ಲೇ ಇತ್ತು.

ಸುಗ್ಗಿಯಲ್ಲಿ ಮೈಲಾರಪ್ಪ ಬಂದ. ನಾಗಪ್ಪನಿಗೆ ಸಿಕ್ಕಿದ್ದು ಐದೇ ಚೀಲ. ಅದರಲ್ಲಿ ಎರಡನ್ನು ನಾಗಪ್ಪನೇ ಎತ್ತಿ ಮೈಲಾರಪ್ಪನ ಮುಂದಿಟ್ಟ. ಮಾತು ಕೊಟ್ಟಿದ್ದ, ಅಷ್ಟೇ. ನೋಡುತ್ತ ನಿಂತ ನನಗೆ ಮುಖ ಎತ್ತಲಾಗಲಿಲ್ಲ. ನನ್ನ ರಾಶಿಯಿಂದ ಎರಡು ಚೀಲ ಹೊರಿಸಿಕೊಂಡು ಹೋಗಿ ನಾಗಪ್ಪನ ಕಟ್ಟೆಯ ಮೇಲಿಳಿಸಿದೆ.

ಆತ ಸಿಟ್ಟಾಗಲಿಲ್ಲ. "ಬ್ಯಾಡ್ರಿ ರಾಯರ, ಒಯ್ರಿ" ಎಂದ. "ಕಾಗದಪತ್ರದ ತೊಡಕು ಬರ್ತೈತಿ."

ಆ ವರ್ಷ ಹಾವೇರಿಯ ನಮ್ಮ ಮನೆಯಲ್ಲಿ ರೊಟ್ಟಿ ಬಹಳ ರುಚಿಯಾಗಿದ್ದವು. ಗಂಟಲಲ್ಲಿ ಇಳಿಯಲಿಲ್ಲ ಎಂದರೆ ಸುಳ್ಳಾದೀತು. ನಾಚಿಕೆಯೂ ಆಯಿತು, ರೊಟ್ಟಿಯನ್ನೂ ತಿಂದೆ.