ಇರುವೆ ಮುಟ್ಟದ ನೀಲಿ

ಬಣ್ಣ ಸಿಂಪಡಿಸುವ ಏರ್‌ಬ್ರಷ್ ಕೊಳ್ಳುವಾಗ ಅದು ಯಾತಕ್ಕೆ ಬೇಕೆಂದು ನೀಲಾಂಬಿಕಾ ಬಾಯಿಬಿಡಲಿಲ್ಲ. ನಮ್ಮ ಗರಜು ಗೊತ್ತಾದರೆ ಮಾರುವವನು ಬೆಲೆ ಬಿಗಿಯುತ್ತಾನೆ ಅನ್ನುವುದನ್ನು ಅವಳು ಕೊಪ್ಪಳದ ಸಂತೆಯಲ್ಲೇ ಕಲಿತಿದ್ದಳು. ಬೊಮ್ಮಸಂದ್ರದಲ್ಲಿ ಬೈಕ್ ಟ್ಯಾಂಕುಗಳ ಮೇಲೆ ಹದ್ದು, ಬೆಂಕಿ ಬರೆಯುತ್ತಿದ್ದ ಶಿವಶಂಕರ್ ಅಂಗಡಿ ಖಾಲಿ ಮಾಡುತ್ತಿದ್ದ. ಪೆನ್ನಿನಷ್ಟು ದಪ್ಪದ, ನೆತ್ತಿಯ ಮೇಲೆ ಪುಟ್ಟ ಬಟ್ಟಲಿದ್ದ ಆ ಸಾಮಾನನ್ನು ಅವಳು ತಿರುಗಿಸಿ ತಿರುಗಿಸಿ ನೋಡಿದಳು.

"ಏನಕ್ಕಾ, ನೀವೂ ಟ್ಯಾಂಕ್‌ಗೆ ಬೆಂಕಿ ಹಚ್ತೀರಾ?" ಅಂತ ಅವನು ನಕ್ಕ.

"ತಮ್ಮಗ ಬೇಕಾಗೈತ್ರಿ," ಅಂದಳು. ಅವಳಿಗೆ ತಮ್ಮನೇ ಇರಲಿಲ್ಲ.

"ಕ್ಲೀನ್ ಮಾಡಿದ್ರೆ ಹೊಸದೇ ಅಕ್ಕ," ಅಂತ ಅದಕ್ಕೆ ಗಾಳಿ ಊದುವ ಪುಟ್ಟ ಕಂಪ್ರೆಸರನ್ನೂ ಸೇರಿಸಿ ಕೊಟ್ಟುಬಿಟ್ಟ. ಗೆದ್ದೆ ಅಂದುಕೊಂಡು ಬಸ್ ಹತ್ತಿದಳು.

ಬೇಕಾಗಿದ್ದುದು ಕೇಕಿಗೆ. ಸರ್ಜಾಪುರದ ಹತ್ತಿರ ಅಂಜಿನಮ್ಮನ ಮನೆಯ ಹಿಂದಿನ ಬಾಡಿಗೆ ಕೋಣೆಯಲ್ಲಿ ನೀಲಾಂಬಿಕಾ ಕೇಕ್ ಮಾಡಿ ಮಾರುತ್ತಿದ್ದಳು. ಎದುರಿನ ಅಪಾರ್ಟ್‌ಮೆಂಟಿನ ಸೆಕ್ರೆಟರಿ ಜ್ಯೋತಿಲಕ್ಷ್ಮಿ ಮೇಡಂ ಮಗಳ ಹುಟ್ಟುಹಬ್ಬಕ್ಕೆ ಒಂದು ಫೋಟೊ ತೋರಿಸಿದ್ದರು: ಬುಡದಲ್ಲಿ ಕಡುನೀಲಿ, ಮೇಲೆ ಹೋದಂತೆ ತೆಳುವಾಗಿ ಬೆಳ್ಳಗಾಗುವ ಆಕಾಶದಂಥ ಕೇಕ್. "ಇದು ಚೆನ್ನಾಗಿ ಬಂದ್ರೆ ಪ್ರತಿ ಭಾನುವಾರ ಕ್ಲಬ್‌ಹೌಸ್‌ನಲ್ಲಿ ಕೇಕ್ ಮಾರೋಕೆ ಟೇಬಲ್ ನಿಮ್ಗೇ," ಅಂದಿದ್ದರು. ಗಂಡ ಬಸಲಿಂಗನ ಕಾರ್ಖಾನೆಯಲ್ಲಿ ಅವನೂ ಸೇರಿ ಕಾಂಟ್ರಾಕ್ಟಿನವರನ್ನೆಲ್ಲ ಕೆಲಸದಿಂದ ತೆಗೆದಾಗಿತ್ತು. ಆ ಟೇಬಲ್ ಸಿಕ್ಕರೆ ಇಲ್ಲಿ ಇರಬಹುದು, ಇಲ್ಲದಿದ್ದರೆ ಗಂಟುಮೂಟೆ ಕಟ್ಟಬೇಕು.

ಏರ್‌ಬ್ರಷ್ ಬಿಚ್ಚಿ ನೋಡಿದರೆ ಒಳಗೆಲ್ಲ ಹಳೇ ಕೆಂಪು ಬಣ್ಣ ಹೆಪ್ಪುಗಟ್ಟಿತ್ತು. ಒಳಗಿನ ಸೂಜಿಯ ತುದಿ ಗಾಳದಂತೆ ಬಾಗಿತ್ತು. ಬಸಲಿಂಗ ಅದನ್ನು ಸ್ಟೀಲ್ ತಟ್ಟೆಯ ಬೆನ್ನಿನ ಮೇಲೆ ಬೆರಳಲ್ಲಿ ಉರುಳಿಸುತ್ತ, ನುಣ್ಣನೆಯ ಎಮರಿ ಕಾಗದದಲ್ಲಿ ಉಜ್ಜುತ್ತ ನೆಟ್ಟಗೆ ಮಾಡಿದ. ಮೂತಿಯ ತೂತು ಸಾಸಿವೆಗಿಂತ ಸಣ್ಣದು. ಅದರೊಳಗೆ ನೀಲಾಂಬಿಕಾ ಬ್ರಷ್ಷಿನ ಕೂದಲೊಂದನ್ನು ಕಿತ್ತು ತೂರಿಸಿದಳು. ಕೆಂಪು ಮಾತ್ರ ಪೂರ್ತಿ ಬಿಡಲಿಲ್ಲ. "ಕಾರ್ಖಾನಿಯೊಳಗ ಎಂಥಾದ್ದಿದ್ರೂ ಥಿನ್ನರಿಗೆ ಬಿಡ್ತೈತಿ," ಅಂತ ಬಸಲಿಂಗ ಇಡೀ ಏರ್‌ಬ್ರಷ್ಷನ್ನು ಪೇಂಟ್ ಕರಗಿಸುವ ಥಿನ್ನರಿನಲ್ಲಿ ಮುಳುಗಿಸಿಟ್ಟ. ನಿಜಕ್ಕೂ ಬಿಟ್ಟಿತು. ಆಮೇಲೆ ಸೋಪು, ಬಿಸಿನೀರು, ವಿನೆಗರ್ ಎಲ್ಲ ಆಯಿತು. ಮೂಸಿ ನೋಡಿದರೆ ವಿನೆಗರ್ ಬಿಟ್ಟು ಬೇರೆ ವಾಸನೆಯಿರಲಿಲ್ಲ.

ಹುಟ್ಟುಹಬ್ಬದ ಮಧ್ಯಾಹ್ನ ಕೇಕಿನ ಬಣ್ಣ ತುಂಬಿ ಗುಂಡಿ ಒತ್ತಿದಳು. ಬಿಳಿ ಕ್ರೀಮಿನ ಮೇಲೆ ಉಸಿರು ಬಿಟ್ಟ ಹಾಗೆ ನೀಲಿ ಕೂತಿತು. ಎಲ್ಲಿ ಶುರುವಾಯಿತು, ಎಲ್ಲಿ ಮುಗಿಯಿತು ಅಂತ ಕಣ್ಣಿಗೇ ತಿಳಿಯದು. ಬಸಲಿಂಗ ಬಾಗಿಲಲ್ಲೇ ನಿಂತುಬಿಟ್ಟ. "ಫೋಟೊಕ್ಕಿಂತ ಚಲೋ ಆತಲ್ಲಲೇ!"

ಹೊಸ ಪಾತ್ರೆಯಲ್ಲಿ ಮಾಡಿದ ಮೊದಲ ಸಿಹಿಯನ್ನು ಇರುವೆಗೆ ಇಡುವುದು ಅವಳ ತವರಿನ ರೂಢಿ. ಗಡಿಬಿಡಿಯಲ್ಲಿ ಅದನ್ನು ಮೊದಲು ಮಾಡಬೇಕಾದವಳು ಕೊನೆಗೆ ಮಾಡಿದಳು. ನೀಲಿ ಕ್ರೀಮು ಒಂದು ಚಿಟಿಕೆ, ಪಾಪ ಸಾಲದಾದೀತೆಂದು ಪಕ್ಕದಲ್ಲೇ ಬಿಳೀದೊಂದು ಚಿಟಿಕೆ, ಗೋಡೆಯ ಬುಡದಲ್ಲಿ ಇಟ್ಟಳು.

ಡಬ್ಬಿ ಮಡಚಿಕೊಂಡು ಬರುವಷ್ಟರಲ್ಲಿ ಬಿಳಿ ಕ್ರೀಮು ಕಾಣಿಸದಷ್ಟು ಇರುವೆ ಮುತ್ತಿದ್ದವು. ನೀಲಿಯ ಹತ್ತಿರ ಬಂದವು ಮಾತ್ರ ಮೀಸೆ ಆಡಿಸಿ, ಸುತ್ತು ಹಾಕಿ ತಿರುಗಿ ಹೋಗುತ್ತಿದ್ದವು.

ಅವಳು ಬಣ್ಣದ ಬಾಟಲಿಯಿಂದಲೇ ಒಂದು ಹನಿಯನ್ನು ಬಿಳಿ ಕ್ರೀಮಿಗೆ ಕಲಸಿ ಇಟ್ಟಳು. ಅದಕ್ಕೆ ಇರುವೆ ಹತ್ತಿದವು. ದೋಷ ಬಣ್ಣದ್ದಲ್ಲ.

ಶಿವಶಂಕರ್‌ಗೆ ಫೋನ್ ಮಾಡಿ ಎಲ್ಲ ಹೇಳಿದಳು. "ಕೇಕ್‌ಗಾ?" ಅಂತ ಅವನು ಕಿರುಚಿಕೊಂಡ. "ಅಯ್ಯೋ ಅಕ್ಕಾ, ಒಳ್ಗಡೆ ರಬ್ಬರ್ ರಿಂಗ್ ಅದೆ. ಥಿನ್ನರ್‌ನಲ್ಲಿ ನೆನೆಹಾಕಿದ್ರೆ ಅದು ಕುಡ್ಕೊಂಡು, ಆಮೇಲೆ ಬಿಡ್ತಾನೇ ಇರ್ತದೆ. ತಿನ್ನೋದಕ್ಕೆ ಅಂತ ಒಂದ್ಮಾತು ಹೇಳಿದ್ರೆ ನಾನು ಕೊಡ್ತಾನೇ ಇರ್ಲಿಲ್ಲ ಕಣಕ್ಕಾ."

ಬಸಲಿಂಗನ ಮುಖ ಸಪ್ಪಗಾಯಿತು. ಆದರೂ ಬಿಡಲಿಲ್ಲ. "ಮ್ಯಾಲಿಂದು ಕೆರದು ಬ್ಯಾರೆ ಕೆನಿ ಹಚ್ಚು. ಅಷ್ಟಕ್ಕ ಏನಾಗ್ತೈತಿ?"

"ಫ್ರಿಜ್ಜಿನ್ಯಾಗ ಉಳ್ಳಾಗಡ್ಡಿ ಇಟ್ರ ಬೆಣ್ಣಿ ಅದರ ವಾಸನಿ ಕುಡಿತೈತೋ ಇಲ್ಲೋ? ಇದೂ ಕುಡದಿರ್ತೈತಿ. ತಿನ್ನಾವ್ರು ಕೂಸುಗಳು ರೀ."

"ಮತ್ತ ನಾವೇನ್ ತಿನ್ನೂಣು ನಾಳಿಗೆ?"

ಕರೆಂಟ್ ಹೋಗಿತ್ತು, ಕೈ ಜಾರಿ ಬಿತ್ತು, ಏನಾದರೊಂದು ನೆವ ಹೇಳಬೇಕೆಂದೇ ಅವಳು ಮೇಡಂಗೆ ಫೋನ್ ಹಚ್ಚಿದಳು. ಆದರೆ ಮೇಡಂ ದನಿ ಕೇಳಿದ್ದೇ ಬಾಯಿಗೆ ನಿಜವೇ ಬಂತು.

"ಮೇಡಂ, ಕೇಕಿಗೆ ಥಿನ್ನರ್ ಹತ್ತೇತ್ರಿ. ಕೊಡಾಕ ಬರಂಗಿಲ್ರಿ. ಬಿಳೀದು ಮಾಡಿ ತರ್ತೀನ್ರಿ, ಸ್ವಲ್ಪ ತಡ..."

"ಥಿನ್ನರಾ? ಕೇಕ್‌ಗೆ ಥಿನ್ನರ್ ಹಾಕ್ತೀರಾ ನೀವು?"

"ಹಾಕಿಲ್ರಿ ಮೇಡಂ, ಆ ಏರ್‌ಬ್ರಷ್ಷು..."

"ಗೆಸ್ಟ್ಸ್ ಬರ್ತಿದ್ದಾರೆ ಕಣ್ರೀ! ಬೇಡ ಬಿಡಿ, ಆ್ಯಪ್‌ನಲ್ಲಿ ತರಿಸ್ಕೋತೀನಿ. ಟೇಬಲ್ಲೂ ಬೇಡ, ಏನೂ ಬೇಡ."

ಸ್ವಲ್ಪ ಹೊತ್ತಿಗೇ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಿಂದ ಅವಳ ನಂಬರನ್ನು ತೆಗೆದುಹಾಕಿದರು. ಬೇರೆ ಯಾವ ಅಪಾರ್ಟ್‌ಮೆಂಟಿನ ಗೇಟಿಗೆ ಹೋದರೂ ಅವಳಿಗಿಂತ ಮುಂಚೆ ಥಿನ್ನರಿನ ಸುದ್ದಿ ಹೋಗಿರುತ್ತದೆ.

ರಸ್ತೆ ಬದಿಯ ಬೇಲಿಯ ಹತ್ತಿರ ಕೇಕನ್ನು ಹೂಳಲು ಗುಂಡಿ ತೋಡುತ್ತಿದ್ದಾಗ ಅಂಜಿನಮ್ಮ ಕಲಗಚ್ಚಿನ ಬಕೆಟ್ ಹಿಡಿದು ಬಂದಳು.

"ಇದೇನೇ ಉಡುಗಿ! ಬಂಗಾರದಂಗೈತೆ, ಮಣ್ಣಿಗಾಕ್ತಿದ್ದೀಯಾ? ತತ್ತಾ, ನಮ್ಮ ಅಸುಗಾದ್ರೂ ಆಕ್ತೀನಿ."

"ಬ್ಯಾಡ್ರಿ ಅಕ್ಕಾರ."

"ಬಾಡಿಗೆ ಕೊಡಕ್ಕೆ ಆಯ್ತದೋ ಇಲ್ವೋ, ದೌಲತ್ತು ನೋಡು!"

ಕಾರಣ ಹೇಳಿದಳು. ಅಂಜಿನಮ್ಮ ಕೇಕನ್ನೂ ಅವಳನ್ನೂ ನೋಡಿದಳು. ಬಕೆಟ್ ಕೆಳಗಿಟ್ಟಳು. "ಅಂಗಾದ್ರೆ ಇನ್ನೂ ಆಳ ಅಗಿ. ನಾಯಿ ಕೆದಕ್ತವೆ," ಅಂದಳು. ಬಾಡಿಗೆಯ ಮಾತು ವಾಪಸ್ ತಗೊಳ್ಳಲಿಲ್ಲ.

ನೀಲಾಂಬಿಕಾ ಮತ್ತೆ ಗುದ್ದಲಿ ಎತ್ತಿದಳು. ಎದುರು ಕಟ್ಟಡದ ಬಾಲ್ಕನಿಯಲ್ಲಿ ಬಲೂನು ಕಟ್ಟುತ್ತಿದ್ದರು. ಡೆಲಿವರಿಯವನೊಬ್ಬ ಬೇಲಿಯ ಪಕ್ಕ ಗಾಡಿ ನಿಲ್ಲಿಸಿದ. ತೊಡೆಗಳ ನಡುವೆ ಕೇಕಿನ ಡಬ್ಬಿ ಒಂದು ಕಡೆಗೆ ವಾಲಿತ್ತು.

"ಅಕ್ಕಾ, ಬರ್ತ್‌ಡೇ ಪಾರ್ಟಿ ಇರೋದು ಇಲ್ಲೇನಾ? ಯಾವ್ ಗೇಟಲ್ಲಿ ಬಿಡ್ತಾರೆ?"

ಮಣ್ಣಾದ ಕೈಯಲ್ಲೇ ಅವಳು ದಾರಿ ತೋರಿಸಿದಳು. ಅವನು ಗಾಡಿ ಎಬ್ಬಿಸುವಷ್ಟರಲ್ಲಿ ತಡೆಯಲಾರದೆ ಕೂಗಿದಳು:

"ಡಬ್ಬಿ ನೆಟ್ಟಗ ಹಿಡೀರಿ ಅಣ್ಣಾ! ಕೆನಿ ಒಂದ್ ಕಡಿ ಜಾರ್ತೈತಿ."