ಬಾಕಿ ನಲವತ್ತು ನಿಮಿಷ

ವಕೀಲರಿಗೂ ಪಾಠ ಹೇಳುವವರಿದ್ದಾರೆ ಎಂದರೆ ಜನ ನಂಬುವುದಿಲ್ಲ. ಊರಿಗೆಲ್ಲ ಬುದ್ಧಿ ಹೇಳುವ ಈ ಮಂದಿ ವರ್ಷಕ್ಕೆ ಹನ್ನೆರಡು ಗಂಟೆ ಬಾಯಿ ಮುಚ್ಚಿಕೊಂಡು ಕೂತು ಹೊಸ ಕಾನೂನು ಕೇಳಿಸಿಕೊಳ್ಳಬೇಕು. ಇಲ್ಲದಿದ್ದರೆ ಪಟ್ಟಿಯಿಂದ ಹೆಸರು ಹೊಡೆದು ಹಾಕುತ್ತಾರೆ, ಕೋರ್ಟಿನಲ್ಲಿ ನಿಂತು ಮಾತಾಡುವ ಹಾಗಿಲ್ಲ. ನಮ್ಮ ಲಾಯರಮ್ಮ ಹನ್ನೆರಡರಲ್ಲಿ ಆರು ಗಂಟೆ ಹೇಗೋ ಮುಗಿಸಿ, ಉಳಿದ ಆರನ್ನು ಆಮೇಲೆ ನೋಡೋಣ, ಆಮೇಲೆ ನೋಡೋಣ ಎನ್ನುತ್ತಾ ವರ್ಷದ ಕಟ್ಟಕಡೆಯ ಶುಕ್ರವಾರಕ್ಕೆ ತಂದು ನಿಲ್ಲಿಸಿದ್ದಳು. ಜೊತೆಯವರು ಬೆನ್ನ ಹಿಂದೆ ಅವಳನ್ನು ‘ಆಮೇಲೆ ಮೇಡಂ’ ಎಂದು ಕರೆಯುವುದು ಸುಮ್ಮನೆ ಅಲ್ಲ.

ಪಾಠ ನಡೆಯುವುದು ವಕೀಲರ ಸಂಘದ ಮೂರನೇ ಮಹಡಿಯಲ್ಲಿ. ಎಷ್ಟು ಎಳೆದರೂ ಪೂರ್ತಿ ಮುಚ್ಚದ ಕಿಟಕಿ ಪರದೆ, ಬರೆಯಲು ಪುಟ್ಟ ಹಲಗೆ ಅಂಟಿಸಿದ ನಲವತ್ತು ಕುರ್ಚಿ, ಹಿಂದಿನ ಮೇಜಿನ ಮೇಲೆ ಫ್ಲಾಸ್ಕಿನಲ್ಲಿ ಟೀ, ತಟ್ಟೆಯಲ್ಲಿ ಬಿಸ್ಕತ್ತು. ಹಿಂದೆಲ್ಲ ಇದು ಸುಲಭದ ಕೆಲಸವಾಗಿತ್ತು. ಬೆಳಿಗ್ಗೆ ಸಹಿ ಹಾಕಿ, ಕುರ್ಚಿಯ ಮೇಲೆ ಚೀಲ ಇಟ್ಟು ಮೆಲ್ಲಗೆ ಜಾರಿಕೊಂಡರೆ ಸಂಜೆಯವರೆಗೂ ಚೀಲವೇ ಪಾಠ ಕೇಳುತ್ತಿತ್ತು. ಈ ವರ್ಷ ಯಾರ ತಲೆಗೆ ಹೊಳೆಯಿತೋ, ಹೊಸ ಏರ್ಪಾಡು ಬಂತು. ಪ್ರತಿ ಗಂಟೆಯಲ್ಲೂ ಪಾಠ ಹೇಳುವವರು ಎಲ್ಲೋ ಒಂದು ಕಡೆ, ಒಂದೇ ಸಲ, ಒಂದು ಗುರುತಿನ ಮಾತು ಹೇಳುತ್ತಾರೆ. ಅದನ್ನು ಚೀಟಿಯಲ್ಲಿ ಬರೆದು ಕೊಟ್ಟರೆ ಆ ಗಂಟೆ ದಕ್ಕಿತು. ಅಂದು ಮೊದಲ ಗಂಟೆಯ ಮಾತು ‘ಏಣಿ’, ಎರಡನೆಯದು ‘ಸೌತೆಕಾಯಿ’. ದಿವಾಳಿ ಕಾಯಿದೆಯ ನಡುವೆ ಏನೋ ತರಕಾರಿ ಬಂದಂತಾಗಿ ತೂಕಡಿಸುತ್ತಿದ್ದ ಹಿರಿಯರೊಬ್ಬರು ಬೆಚ್ಚಿಬಿದ್ದು, ಏನಂದರು ಏನಂದರು ಎಂದು ಅಕ್ಕಪಕ್ಕ ಕೇಳಿದರು. ಒಬ್ಬರೂ ಬಾಯಿಬಿಡಲಿಲ್ಲ.

ಲಾಯರಮ್ಮ ತೂಕಡಿಸಲಿಲ್ಲ. ಹತ್ತು ದಿನದಿಂದ ಅವಳಿಗೆ ಮನೆಯಲ್ಲೇ ನಿದ್ದೆಯಿರಲಿಲ್ಲ, ಇನ್ನು ಇಲ್ಲೆಲ್ಲಿಂದ ಬರಬೇಕು? ಅವಳ ಹೊಟ್ಟೆಯಲ್ಲಿ ಕೂತಿದ್ದದ್ದು ಒಂದು ಹೊಲಿಗೆ ಯಂತ್ರ.

ಅದರ ಕತೆ ಹೀಗೆ. ಅವಳ ಅತ್ತೆಗೆ ಹಲ್ಲು ಕಟ್ಟಿಕೊಟ್ಟ ಹೆಂಗಸೊಬ್ಬಳಿದ್ದಳು. ಡಾಕ್ಟರಲ್ಲ. ಡಾಕ್ಟರುಗಳು ಕಳಿಸಿದ ಅಚ್ಚು ನೋಡಿ ತನ್ನ ಪುಟ್ಟ ಕೋಣೆಯಲ್ಲಿ ಕೂತು ಹಲ್ಲು ಮಾಡುವವಳು. ಆರು ವರ್ಷವಾಯಿತು, ಅತ್ತೆಯ ಸೆಟ್ಟು ಒಂದು ದಿನ ಅಲುಗಿದ್ದಿಲ್ಲ. ಅತ್ತೆ ಆ ಹಲ್ಲಿನಲ್ಲಿ ಇಡೀ ಸೇಬನ್ನು ಕಚ್ಚಿ ತಿನ್ನುತ್ತಾರೆ, ಬಿಡುವಾದಾಗ ಸೊಸೆಯನ್ನೂ. ಈ ಹಲ್ಲಿನವಳು ತಮ್ಮನ ಸಾಲಕ್ಕೆ ಜಾಮೀನು ನಿಂತಳು, ತಮ್ಮ ಕೈಯೆತ್ತಿದ, ಸಾಲ ಇವಳ ಕುತ್ತಿಗೆಗೆ ಬಂತು. ಆಗ ಅತ್ತೆಯೇ ಅವಳನ್ನು ಸೊಸೆಯ ಆಫೀಸಿಗೆ ಕರೆತಂದು, ಇವಳ ಕೈ ಬಿಡಬೇಡ ಎಂದು ಕಡ್ಡಿ ಮುರಿದಂತೆ ಹೇಳಿ ಹೋಗಿದ್ದರು.

ದಿವಾಳಿ ಅರ್ಜಿ ಹಾಕಿದವರಿಂದ ಕಾನೂನು ಎಲ್ಲವನ್ನೂ ಕಿತ್ತುಕೊಳ್ಳುವುದಿಲ್ಲ. ದುಡಿದು ತಿನ್ನುವ ಸಲಕರಣೆಯನ್ನು ಬಿಡುತ್ತದೆ. ಆದರೆ ಅದಕ್ಕೊಂದು ಕ್ರಮವಿದೆ. ನಿಮ್ಮ ಹತ್ತಿರ ಏನೇನಿದೆ ಎಂಬುದಕ್ಕೆ ಒಂದು ಪಟ್ಟಿ, ಅದರಲ್ಲಿ ಯಾವುದನ್ನು ಉಳಿಸಿಕೊಳ್ಳುತ್ತೀರಿ ಎಂಬುದಕ್ಕೆ ಇನ್ನೊಂದು. ಎರಡನೇ ಪಟ್ಟಿಯಲ್ಲಿಲ್ಲದ್ದು ಹರಾಜಿಗೆ ಹೋಗುತ್ತದೆ. ಹಲ್ಲಿನವಳ ಹತ್ತಿರ ಇದ್ದ ಬೆಲೆಬಾಳುವ ವಸ್ತು ಒಂದೇ, ಪಿಂಗಾಣಿ ಹಲ್ಲು ಬೇಯಿಸುವ ಫರ್ನೇಸು. ಅತ್ತೆ ಅದನ್ನು ಹಲ್ಲಿನ ಒಲೆ ಎನ್ನುತ್ತಾರೆ. ಲಾಯರಮ್ಮ ಮೊದಲ ಪಟ್ಟಿಯಲ್ಲಿ ಒಲೆಯನ್ನು ಚೆನ್ನಾಗಿಯೇ ಬರೆದಳು. ಎರಡನೆಯದಕ್ಕೆ ಹೊತ್ತಾಗಿತ್ತು. ಹಿಂದಿನ ಕೇಸಿನ, ಒಬ್ಬ ದರ್ಜಿಯ, ಪಟ್ಟಿಯನ್ನೇ ತೆಗೆದು ಹೆಸರು, ವಿಳಾಸ ಬದಲಾಯಿಸಿದಳು. ವಸ್ತುವನ್ನು ಆಮೇಲೆ ಬದಲಾಯಿಸೋಣ ಎಂದುಕೊಂಡಳು. ಆ ಆಮೇಲೆ ಬರಲೇ ಇಲ್ಲ. ಹಲ್ಲು ಕಟ್ಟುವವಳು ತನ್ನ ಹೊಲಿಗೆ ಯಂತ್ರವನ್ನು ಉಳಿಸಿಕೊಡಿ ಎಂದು ಕೋರ್ಟನ್ನು ಬೇಡಿಕೊಂಡಂತಾಯಿತು. ಪಾಪ, ಅವಳ ಹತ್ತಿರ ಸೂಜಿಯೂ ಇರಲಿಲ್ಲ.

ಇದನ್ನು ಹಿಡಿದವನು ಸಾಲ ಕೊಟ್ಟ ಕಂಪನಿಯ ವಕೀಲ. ವಯಸ್ಸಾದವನು, ನಗುವವನಲ್ಲ, ಎದುರಾಳಿಯ ಅರ್ಜಿಯನ್ನು ಸಾಲು ಸಾಲಾಗಿ ಕೊಯ್ಯುತ್ತಾನೆ. ಅದಕ್ಕೇ ಎಲ್ಲರ ಬಾಯಲ್ಲಿ ಅವನ ಹೆಸರು ಗರಗಸ. ಹತ್ತು ದಿನದ ಹಿಂದೆ ಅವನಿಂದ ಎರಡು ಸಾಲಿನ ಕಾಗದ ಬಂತು. ಹೊಲಿಗೆ ಯಂತ್ರ ಉಳಿಸಿಕೊಳ್ಳುವುದಕ್ಕೆ ನಮ್ಮ ತಕರಾರಿಲ್ಲ. ಫರ್ನೇಸನ್ನು ಎರಡು ವಾರದ ನಂತರ ಸಾಗಿಸಲಾಗುವುದು. ಲಾಯರಮ್ಮ ತಲೆ ಮೇಲೆ ಕೈ ಹೊತ್ತು ಕೂತಳು. ಸಾಲ ಕೊಟ್ಟವರು ಮತ್ತು ಪಡೆದವರು ಎದುರುಬದುರು ಕೂರುವ ಸಭೆಯಾದ ಮೂವತ್ತು ದಿನದೊಳಗೆ ಪಟ್ಟಿ ತಿದ್ದಬೇಕು. ಆ ಸಭೆಯಾಗಿ ಅಷ್ಟರಲ್ಲಾಗಲೇ ನಲವತ್ತು ದಿನ ಕಳೆದಿತ್ತು. ಹಲ್ಲಿನವಳಿಗೆ ಹೇಳಬೇಕು, ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದುಕೊಳ್ಳುತ್ತಲೇ ಹತ್ತು ದಿನ ಹೋಯಿತು. ಊಟಕ್ಕೆ ಕೂತರೆ ಎದುರಿಗೆ ಅತ್ತೆಯ ಹಲ್ಲು. ತಲೆಯೆತ್ತುವಂತಿಲ್ಲ.

ಊಟವಾದ ಮೇಲಿನ ಎರಡು ಗಂಟೆಯ ಪಾಠಕ್ಕೆ ಬಂದವನು ಅದೇ ಗರಗಸ. ಇದಪ್ಪಾ ನನ್ನ ಹಣೆಬರಹ ಎಂದುಕೊಂಡು ಅವಳು ದಪ್ಪಗಿನವರೊಬ್ಬರ ಬೆನ್ನ ಹಿಂದೆ ಕುರ್ಚಿ ಹುಡುಕಿದಳು. ಅವನ ಕೆಳಗಿನ ಹಲ್ಲಿನ ಸೆಟ್ಟು ಸಡಿಲ. ಮಾತು ಉದ್ದವಾದಷ್ಟೂ ಟಕ್ ಟಕ್ ಸದ್ದಾಗುತ್ತದೆ. ಹಿಂದೆ ಸಭೆಯಲ್ಲಿ ಅವನು ಪ್ರಶ್ನೆಯ ಮೇಲೆ ಪ್ರಶ್ನೆ ಹಾಕುತ್ತಿದ್ದಾಗ ಹಲ್ಲಿನವಳು ಹೆದರುವುದು ಬಿಟ್ಟು ಲಾಯರಮ್ಮನ ಕಿವಿಯಲ್ಲಿ, ಯಾರೋ ಅವಸರದಲ್ಲಿ ಕಟ್ಟಿದ್ದಾರೆ ಮೇಡಂ, ಒಸಡು ಹುಣ್ಣಾಗಿರತ್ತೆ ಎಂದು ಮರುಗಿದ್ದಳು.

ಕೊನೆಯ ಗಂಟೆ ಮೂರಕ್ಕೆ ಶುರುವಾಯಿತು. ಗರಗಸ ಪುಸ್ತಕದ ಒಂದು ಪುಟವನ್ನೂ ಹಾರಿಸುವ ಪೈಕಿಯಲ್ಲ. ಮೂರೂ ಕಾಲಿಗೆ ನಲವತ್ತೊಂದನೇ ಪುಟ ಬಂತು. ಈ ವರ್ಷ ಬಂದ ತಿದ್ದುಪಡಿ ಇದು, ಕೇಳಿ ಎಂದ. ಎರಡನೇ ಪಟ್ಟಿಯನ್ನು ತಿದ್ದುವ ಮೂವತ್ತು ದಿನವನ್ನು ಇನ್ನು ಮೇಲೆ ಸಭೆ ಶುರುವಾದ ದಿನದಿಂದ ಎಣಿಸುವಂತಿಲ್ಲ, ಮುಗಿದ ದಿನದಿಂದ ಎಣಿಸಬೇಕು. ಸಭೆ ಮುಂದಕ್ಕೆ ಹೋಗಿದ್ದರೆ, ಮತ್ತೆ ಸೇರಿ ಮುಗಿಸಿದ ದಿನವೇ ಲೆಕ್ಕ. ಇಷ್ಟು ಹೇಳಿ, ಅರ್ಥವಾಗದವರಿಗೆ ಎಂದು ಇನ್ನೊಂದು ಸಲ ಹೇಳಿದ.

ಲಾಯರಮ್ಮ ಪೆನ್ನು ಕೆಳಗಿಟ್ಟಳು. ಅವರ ಸಭೆ ಮುಂದಕ್ಕೆ ಹೋಗಿತ್ತು. ಹಲ್ಲಿನವಳ ಬಾಡಿಗೆ ಕರಾರು ಪತ್ರ ತರುವುದನ್ನು ಇವಳೇ ಮರೆತು, ಇಪ್ಪತ್ತು ದಿನದ ಮೇಲೆ ಮತ್ತೆ ಸೇರಿ, ಐದೇ ನಿಮಿಷದಲ್ಲಿ ಪತ್ರ ಕೊಟ್ಟು ಬಂದಿದ್ದರು. ಬೆರಳು ಮಡಿಸಿ ಎಣಿಸಿದಳು. ಮತ್ತೆ ಎಣಿಸಿದಳು. ಇವತ್ತು ಮೂವತ್ತನೇ ದಿನ.

ಕೋರ್ಟಿನ ಕೌಂಟರು ನಾಲ್ಕಕ್ಕೆ ಮುಚ್ಚುತ್ತದೆ, ನಡೆದರೆ ಹದಿನೈದು ನಿಮಿಷ. ಆದರೆ ಈ ಗಂಟೆಯ ಗುರುತಿನ ಮಾತು ಇನ್ನೂ ಬಂದಿರಲಿಲ್ಲ. ಗರಗಸ ಅದನ್ನು ಕೊನೆಯ ನಿಮಿಷಕ್ಕೇ ಇಡುವವನು. ಎದ್ದು ಹೋದರೆ ಒಂದು ಗಂಟೆ ಕಡಿಮೆ ಬೀಳುತ್ತದೆ, ಸೋಮವಾರ ಪಟ್ಟಿಯಲ್ಲಿ ಹೆಸರಿರುವುದಿಲ್ಲ. ಇಪ್ಪತ್ತೆರಡು ವರ್ಷದ ವಕೀಲಿಕೆ, ಮತ್ತೆ ಹೆಸರು ಸೇರಿಸಲು ತಿಂಗಳುಗಟ್ಟಲೆ ಅಲೆದಾಟ. ಕೂತರೆ ಹಲ್ಲಿನವಳ ಒಲೆ ಹೋಗುತ್ತದೆ. ಜೀವನದಲ್ಲಿ ಮೊದಲ ಸಲ ಅವಳಿಗೆ ಆಮೇಲೆ ಎಂಬ ಮಾತು ನೆನಪಿಗೇ ಬರಲಿಲ್ಲ. ಚೀಲ ಹೆಗಲಿಗೇರಿಸಿ, ನಲವತ್ತು ಜನರ ಮೊಣಕಾಲು ದಾಟಿಕೊಂಡು, ಗರಗಸನ ಕಣ್ಣೆದುರೇ ಬಾಗಿಲು ತೆಗೆದು ಹೊರಟಳು. ಅವನು ಗಡಿಯಾರ ನೋಡಿಕೊಂಡು ಪಾಠ ಮುಂದುವರಿಸಿದ.

ಓಡಿದಳು ಎಂದರೆ ಓಡಿದಳೇ. ಐವತ್ತು ದಾಟಿದ ಹೆಂಗಸು, ಕಪ್ಪು ಕೋಟು, ಒಂದು ಕೈಯಲ್ಲಿ ಚಪ್ಪಲಿ. ಕೌಂಟರಿನ ಗುಮಾಸ್ತ ಆಗಲೇ ಊಟದ ಡಬ್ಬಿಯನ್ನು ಚೀಲಕ್ಕಿಟ್ಟು, ಮೊಹರಿಗೆ ಮುಚ್ಚಳ ಹಾಕಿದ್ದ. ಅವಳು ಏದುಸಿರು ಬಿಡುತ್ತಾ ಕಿಟಕಿಯ ಹಲಗೆಯ ಮೇಲೇ ಹೊಸ ಪಟ್ಟಿ ಬರೆದಳು. ಹೊಲಿಗೆ ಯಂತ್ರ ಇದ್ದ ಜಾಗದಲ್ಲಿ ಪಿಂಗಾಣಿ ಹಲ್ಲು ಬೇಯಿಸುವ ಫರ್ನೇಸು ಎಂದು ದಪ್ಪಕ್ಷರದಲ್ಲಿ ಬರೆದು, ತಪ್ಪಿಲ್ಲವೆಂದು ಮೂರು ಸಲ ಓದಿ ಸಹಿ ಹಾಕಿದಳು. ಗುಮಾಸ್ತ ಅವಳ ಬರಿಗಾಲು ನೋಡಿ, ಏನೂ ಕೇಳದೆ ಮುಚ್ಚಳ ತೆಗೆದು ಮೊಹರು ಒತ್ತಿದ. ಮೂರೂ ಐವತ್ತೆರಡು. ಆ ಪುಣ್ಯಾತ್ಮನಿಗೆ ಅವಳು ಕೈಮುಗಿದೇ ಬಿಟ್ಟಳು.

ಸಂಘದ ಹಾಲಿಗೆ ವಾಪಸಾದಾಗ ನಾಲ್ಕೂ ಕಾಲು. ಉಳಿದ ಐದು ಚೀಟಿಯನ್ನಾದರೂ ಕೊಟ್ಟು, ಆರನೆಯದಿಲ್ಲ ಎಂದು ಒಪ್ಪಿಕೊಂಡು ಹೋಗೋಣ ಎಂದು ಬಂದಿದ್ದಳು. ಕುರ್ಚಿಗಳೆಲ್ಲ ಖಾಲಿ. ಗರಗಸ ಒಬ್ಬನೇ ಕೂತು ಬಿಸ್ಕತ್ತನ್ನು ಟೀಯಲ್ಲಿ ಅದ್ದಿ ಮೆತ್ತಗಾಗುವುದನ್ನು ಕಾಯುತ್ತಿದ್ದ.

“ಎಷ್ಟು ಗಂಟೆಗೆ ಎದ್ದು ಹೋದ್ರಿ?” ಎಂದು ಕೇಳಿದ.

ಮೂರೂ ಇಪ್ಪತ್ತಕ್ಕೆ ಎಂದಳು. ತಾನು ಎಲ್ಲಿಗೆ ಹೋಗಿದ್ದೆ, ಏನು ಹಾಕಿ ಬಂದೆ ಎಂಬುದನ್ನೂ ಮುಚ್ಚಿಡದೆ ಹೇಳಿದಳು. ಅವನು ಮೊಹರಿನ ಪ್ರತಿಯನ್ನು ಕೇಳಿ ತೆಗೆದುಕೊಂಡು, ತನ್ನ ಅಭ್ಯಾಸದಂತೆ ಸಾಲು ಸಾಲಾಗಿ ಓದಿದ.

“ಸರಿಯಾಗಿದೆ,” ಎಂದ. “ಫರ್ನೇಸು ಸಿಗಲ್ಲ ಅಂತ ನಮ್ಮ ಕಂಪನಿಗೆ ತಿಳಿಸ್ತೀನಿ. ಕಾಗದ ಬರೆಯೋದು ನನ್ನ ಕೆಲಸ, ಬರೆದೆ. ಪಾಠ ಹೇಳೋದೂ ನನ್ನ ಕೆಲಸವೇ. ಒಂದಕ್ಕೋಸ್ಕರ ಇನ್ನೊಂದನ್ನ ಅರ್ಧಕ್ಕೆ ಬಿಡೋದಿಲ್ಲ.” ಆಮೇಲೆ ಎದುರಿನ ಕುರ್ಚಿ ತೋರಿಸಿ, “ಕೂತ್ಕೊಳ್ಳಿ. ನಿಮ್ಮದು ನಲವತ್ತು ನಿಮಿಷ ಬಾಕಿಯಿದೆ,” ಎಂದ.

ಅವಳಿಗೆ ಅರ್ಥವಾಗಲಿಲ್ಲ. ಅವನೇ ಬಿಡಿಸಿ ಹೇಳಿದ. ಇಂಥ ದಿನದೊಳಗೆ ಇಷ್ಟು ಗಂಟೆ ಪಾಠ ಕೇಳಿರಬೇಕು ಎಂದು ನಿಯಮದಲ್ಲಿದೆ. ಹಾಲಿನಲ್ಲಿ ಎಷ್ಟು ಜನ ಇರಬೇಕು ಎಂದು ಎಲ್ಲೂ ಇಲ್ಲ. ದಿನ ಇನ್ನೂ ಮುಗಿದಿಲ್ಲ.

ಹಾಗೆ ಹೇಳಿ ಆ ಮನುಷ್ಯ ಎದ್ದು, ಆರಿಸಿದ್ದ ಪ್ರೊಜೆಕ್ಟರನ್ನು ಮತ್ತೆ ಹಾಕಿ, ನಲವತ್ತೆರಡನೇ ಪುಟದಿಂದ ಶುರುಮಾಡಿದರು. ಹತ್ತು ವರ್ಷ ಮನಸ್ಸಿನಲ್ಲಿ ಅವನು, ಇವನು ಎಂದು ಬೈಯುತ್ತಿದ್ದವಳಿಗೆ ಆ ಕ್ಷಣದಿಂದ ಅವರು ಎಂದಲ್ಲದೆ ಬೇರೆ ರೀತಿ ಅನ್ನಲು ಬಾಯಿ ಬರಲಿಲ್ಲ. ಸುಮ್ಮನೆ ಚೀಟಿಗೆ ಸಹಿ ಹಾಕಿ ಕಳಿಸಬಹುದಿತ್ತು. ಹಾಗೆ ಮಾಡಿದ್ದರೆ ಅವರು ಗರಗಸವೇ ಅಲ್ಲ. ಒಂದು ಸಾಲೂ ಬಿಡಲಿಲ್ಲ. ನಲವತ್ತು ಜನರಿಗೆ ಹೇಳಿದ್ದ ತಮಾಷೆಯನ್ನು, ಆಗಲೂ ಯಾರೂ ನಕ್ಕಿರಲಿಕ್ಕಿಲ್ಲ, ಅವಳೊಬ್ಬಳಿಗೆ ಮತ್ತೆ ಹೇಳಿ, ನಗಲು ಎರಡು ಕ್ಷಣ ಬಿಡುವು ಕೊಟ್ಟರು. ಎರಡನೇ ಪಟ್ಟಿಯನ್ನು ಸಲ್ಲಿಸುವ ಮುಂಚೆ ಕಕ್ಷಿದಾರರನ್ನು ಎದುರಿಗೆ ಕೂರಿಸಿಕೊಂಡು ಗಟ್ಟಿಯಾಗಿ ಓದಿ ಎಂದಾಗ ಅವಳು ತಲೆತಗ್ಗಿಸಿ ಬರೆದುಕೊಂಡಳು. ಅರ್ಧ ಗಂಟೆ ದಾಟುತ್ತಲೇ ಹಲ್ಲು ಟಕ್ ಟಕ್ ಎನ್ನತೊಡಗಿತು. ಅವರು ನಡುನಡುವೆ ದವಡೆ ಒತ್ತಿಕೊಳ್ಳುತ್ತಿದ್ದರು, ನಿಲ್ಲಿಸಲಿಲ್ಲ. ಕಸ ಗುಡಿಸಲು ಬಂದ ಹೆಂಗಸು ಪೊರಕೆ ಒರಗಿಸಿ ಹಿಂದಿನ ಕುರ್ಚಿಯಲ್ಲಿ ಕೂತು, ದಿವಾಳಿ ಕಾನೂನನ್ನು ಕಡೆಯವರೆಗೂ ಕೇಳಿದಳು.

ನಾಲ್ಕೂ ಐವತ್ತೆಂಟಕ್ಕೆ ಪುಸ್ತಕ ಮುಚ್ಚಿದರು. “ಗುರುತಿನ ಮಾತು, ಹೊಲಿಗೆ ಯಂತ್ರ.”

ಅವಳು ಪೆನ್ನು ಹಿಡಿದವಳು ಹಾಗೇ ನೋಡಿದಳು.

“ಎಲ್ಲರಿಗೂ ಇದನ್ನೇ ಹೇಳಿದ್ದು. ಮೊದಲು ಕೊಡೆ ಅಂತಿತ್ತು. ಬೆಳಿಗ್ಗೆ ಹಾಜರಿಯಲ್ಲಿ ನಿಮ್ಮ ಹೆಸರು ನೋಡಿ ಬದಲಾಯಿಸಿದೆ, ಇನ್ನೊಂದು ಸಲ ಮರೀಬಾರದು ಅಂತ,” ಎಂದರು. ಮುಖದಲ್ಲಿ ಎಳ್ಳಷ್ಟೂ ನಗುವಿಲ್ಲ. ಲಾಯರಮ್ಮನಿಗೆ ನಗುವೂ ಅಳುವೂ ಒಟ್ಟಿಗೇ ನುಗ್ಗಿ ಬಂದು ಚೀಟಿಯ ಅಕ್ಷರ ಅಲುಗಾಡಿತು. ಸರ್, ನಿಮ್ಮ ಋಣ ಹೇಗೆ ತೀರಿಸಲಿ ಎಂದಳು. ಅವರು ಚೀಟಿಗೆ ಸಹಿ ಹಾಕುತ್ತಾ, ಮುಂದಿನ ವರ್ಷ ಮೊದಲ ತಿಂಗಳಲ್ಲೇ ಬನ್ನಿ ಎಂದರು.

ಅಲ್ಲಿಂದ ಅವಳು ಮನೆಗೆ ಹೋಗಲಿಲ್ಲ, ಹಲ್ಲಿನವಳ ಕೋಣೆಗೆ ಹೋದಳು. ಒಲೆ ಉರಿಯುತ್ತಿತ್ತು. ಮೇಜಿನ ಮೇಲೆ ಅಚ್ಚುಗಳು ಸಾಲಾಗಿ ಬಾಯಿ ತೆರೆದು ಕೂತಿದ್ದವು. ಬಾಗಿಲಲ್ಲೇ ನಿಂತು ಎಲ್ಲ ಹೇಳಿದಳು. ದರ್ಜಿಯ ಪಟ್ಟಿ, ಹತ್ತು ದಿನ ಬಾಯಿ ಕಟ್ಟಿಕೊಂಡು ಕೂತದ್ದು, ನಲವತ್ತೊಂದನೇ ಪುಟ, ನಲವತ್ತು ನಿಮಿಷ. ತಪ್ಪು ನನ್ನದು, ಕ್ಷಮಿಸಿ ಎಂದಳು.

ಹಲ್ಲಿನವಳು ಒಲೆಯ ಬೆಚ್ಚಗಿನ ತಗಡನ್ನು ಅಂಗೈಯಿಂದ ಒಂದು ಸಲ ಸವರಿದಳು. ಕಣ್ಣು ತುಂಬಿತ್ತು. ಸೆರಗಿನಿಂದ ಒರೆಸಿಕೊಂಡು, ಬೈಯುತ್ತಾಳೆಂದು ಕಾಯುತ್ತಿದ್ದ ಲಾಯರಮ್ಮನಿಗೆ ಸ್ಟೂಲು ಎಳೆದು ಕೊಟ್ಟಳು.

“ಆ ಹಲ್ಲಿಟ್ಟುಕೊಂಡು ಇನ್ನೂ ನಲವತ್ತು ನಿಮಿಷ ಮಾತಾಡಿದ್ರಾ?” ಎಂದು ಕೇಳಿದಳು.

ಹೌದು ಎಂದಳು ಲಾಯರಮ್ಮ.

“ಎಷ್ಟು ನೋವಾಗಿರತ್ತೆ ಗೊತ್ತಾ ಮೇಡಂ?” ಅವಳು ಕಪಾಟಿನಿಂದ ಹೊಸ ಅಚ್ಚಿನ ತಟ್ಟೆಯೊಂದನ್ನು ತೆಗೆದು, ಒರೆಸಿ, ಒಲೆಯ ಪಕ್ಕದಲ್ಲಿ ಇಟ್ಟಳು. “ಕೇಸು ಮುಗಿದ ಮಾರನೇ ದಿನವೇ ಕರ್ಕೊಂಡು ಬನ್ನಿ. ಆಮೇಲೆ ನೋಡೋಣ ಅನ್ನಬೇಡಿ.”

ಲಾಯರಮ್ಮ ಅಲ್ಲೇ ಡೈರಿ ತೆಗೆದು ಬರೆದುಕೊಂಡಳು.